ಮಳೆಗೆ ನಿಲ್ಲುವ ಬೈಕು: ಕಾಯಿಲ್ ಬದಲಿಸುವ ಮುನ್ನ

ಆರಿದ್ರಾ ಮಳೆ ಹಿಡಿಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಗ್ಯಾರೇಜುಗಳಲ್ಲಿ ಈ ದೂರು ಶುರು: ‘ಮಳೆ ಬಂದ್ರೆ ಬೈಕು ಮಿಸ್ಸಿಂಗ್ ಹೊಡೀತದೆ, ಒಣಗಿದ ಮೇಲೆ ಸರಿಯಾಗ್ತದೆ.’ ಎಷ್ಟೋ ಸಲ ಹೊಸ ಇಗ್ನಿಷನ್ ಕಾಯಿಲ್ ಹಾಕಿಸುತ್ತಾರೆ. ಮುಂದಿನ ಜಡಿಮಳೆಗೆ ಗಾಡಿ ಮತ್ತೆ ಕೆರೆಕಟ್ಟೆ ಕಾಡಿನ ನಡುವೆ ನಿಲ್ಲುತ್ತದೆ. ಒಣಗಿದ ಮೇಲೆ ಸರಿಯಾಗುತ್ತದೆ ಎನ್ನುವುದೇ ಇಲ್ಲಿ ದೊಡ್ಡ ಸುಳಿವು. ತಪ್ಪು ಹೆಚ್ಚಾಗಿ ಕಾಯಿಲ್‌ನಲ್ಲಿಲ್ಲ; ಅದರ ವೈರು, ಲಗ್ಗು, ಕಪ್ಲರ್, ಪ್ಲಗ್ ಕ್ಯಾಪುಗಳಲ್ಲಿದೆ.

ಕಾಯಿಲ್ ಒಳಗೆ ಎರಡು ಸುತ್ತುಗಳಿವೆ. ದಪ್ಪ ತಂತಿಯದು ಪ್ರೈಮರಿ, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತಿನದು ಸೆಕೆಂಡರಿ. ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾದಂಥ ಪಾಯಿಂಟ್ ಗಾಡಿಯಲ್ಲಿ ಬ್ಯಾಟರಿಯ ಕರೆಂಟ್ ಪ್ರೈಮರಿಯಲ್ಲಿ ಹರಿದು, ಪಾಯಿಂಟ್ ತೆರೆದಾಗ ತಟ್ಟನೆ ಕಡಿಯುತ್ತದೆ. ಸಿಡಿಐ ಗಾಡಿಯಲ್ಲಿ ಕೆಪಾಸಿಟರಿನಲ್ಲಿ ತುಂಬಿದ 200–300 ವೋಲ್ಟ್ ಒಮ್ಮೆಲೇ ಪ್ರೈಮರಿಗೆ ಸುರಿಯುತ್ತದೆ. ಎರಡರಲ್ಲೂ ಸೆಕೆಂಡರಿಯಲ್ಲಿ ಹತ್ತು ಸಾವಿರಕ್ಕೂ ಮೀರಿದ ವೋಲ್ಟ್ ಹುಟ್ಟಿ ಪ್ಲಗ್ಗಿನ ಸಂದು ಹಾರುತ್ತದೆ. ಆ ವೋಲ್ಟೇಜಿಗೆ ಒದ್ದೆ ಕ್ಯಾಪಿನ ಬಿರುಕು ಪ್ಲಗ್ಗಿಗಿಂತ ಸುಲಭದ ದಾರಿ.

ಹಾಗಾಗಿ ಮೊದಲು ಪ್ಲಗ್ ಕ್ಯಾಪ್ ನೋಡಿ. ಕತ್ತಲಲ್ಲಿ ಇಂಜಿನ್ ಓಡುತ್ತಿರುವಾಗ ಕ್ಯಾಪ್ ಮತ್ತು ದಪ್ಪ ವೈರಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಸೋರಿಕೆಯಿದ್ದರೆ ನೀಲಿ ಕಿಡಿ ಕಾಣುತ್ತದೆ. ಕೈ ಮಾತ್ರ ತಗುಲಿಸಬೇಡಿ. ಬಹುತೇಕ ಕ್ಯಾಪುಗಳು ವೈರಿನ ತುದಿಗೆ ತಿರುಪಿನಂತೆ ಕೂರುತ್ತವೆ. ಇಂಜಿನ್ ನಿಲ್ಲಿಸಿ, ಎಡಕ್ಕೆ ತಿರುಗಿಸಿ ಬಿಚ್ಚಿ, ಕಪ್ಪಾದ ತುದಿಯನ್ನು ಐದಾರು ಮಿಲಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿದರೆ ಎಷ್ಟೋ ಗಾಡಿಗಳು ಅಲ್ಲೇ ಸರಿಹೋಗುತ್ತವೆ. ರಬ್ಬರ್ ಹರಿದ ಕ್ಯಾಪನ್ನು ಉಳಿಸಿಕೊಳ್ಳಬೇಡಿ, ಹೊಸದರ ಬೆಲೆ ಕಾಯಿಲ್‌ಗಿಂತ ಎಷ್ಟೋ ಕಡಿಮೆ.

ಆಮೇಲೆ ಟ್ಯಾಂಕ್ ಇಳಿಸಿ ಸಣ್ಣ ವೈರುಗಳನ್ನು ನೋಡಿ. ಲಗ್ಗಿನ ಮೇಲೆ ಮೈಲುತುತ್ತದ ಬಣ್ಣದ ಕಿಲುಬು ಕೂತಿರುತ್ತದೆ. ಅಡಿಕೆಯ ಕೊಳೆರೋಗದ ಔಷಧಿಗೆಂದು ನಿಜವಾದ ಮೈಲುತುತ್ತವನ್ನೇ ಹೊರುವ ಬೈಕುಗಳಲ್ಲಿ ಕಾಯಿಲ್ ಕೂರುವ ಬೋಲ್ಟನ್ನೂ ನೋಡಬೇಕು. ಅದು ಕರಗಿದ ನೀರು ಕಬ್ಬಿಣ ತಿನ್ನುತ್ತದೆ, ಹಲವು ಕಾಯಿಲ್‌ಗಳಿಗೆ ಅರ್ಥ್ ಸಿಗುವುದು ಆ ಬೋಲ್ಟಿನಿಂದಲೇ. ಬಣ್ಣ, ತುಕ್ಕು ಕೆರೆದು ಲೋಹ ಹೊಳೆಯುವಂತೆ ಮಾಡಿ ಬಿಗಿಯಿರಿ. ಹೆಣ್ಣು ಲಗ್ಗು ಸಡಿಲವಾಗಿದ್ದರೆ ಇಕ್ಕಳದಲ್ಲಿ ಹಗುರವಾಗಿ ಅಮುಕಿ. ವೈರಿನ ಒಳಗಿನ ಎಳೆಗಳು ಕಪ್ಪಾಗಿದ್ದರೆ ಕೆಂಪು ತಾಮ್ರ ಕಾಣುವವರೆಗೂ ಕತ್ತರಿಸಿ ಹೊಸ ಲಗ್ಗು ಒತ್ತಿಸಿ. ಹೊಸೆದು ಟೇಪು ಸುತ್ತುವ ರಿಪೇರಿ ಮಲೆನಾಡಿನಲ್ಲಿ ಬಾಳುವುದಿಲ್ಲ. ಟೇಪಿನ ಗೋಂದು ಬಿಟ್ಟು ನೀರು ಒಳಗೇ ಉಳಿಯುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆ ಏರಿಸಿ, ಕಪ್ಲರಿಗೆ ತುಸು ಸಿಲಿಕಾನ್ ಗ್ರೀಸ್ ಸವರಿ. ಇಲಿ ಕಡಿದ ಗುರುತನ್ನೂ ಹುಡುಕಿ. ಅಡಿಕೆ ಕೊಟ್ಟಿಗೆಯಲ್ಲಿ ನಿಲ್ಲುವ ಗಾಡಿಗೆ ಅದು ಹೊಸತಲ್ಲ.

ಮಲ್ಟಿಮೀಟರ್ ಇದ್ದರೆ ಒಂದು ಎಚ್ಚರಿಕೆ. ಒಂದೇ ಎಳೆ ಉಳಿದ ವೈರಿಗೂ ಮೀಟರು ಬೀಪ್ ಅನ್ನುತ್ತದೆ. ಹಾಗಾಗಿ ಬೀಪ್ ನಂಬದೆ, ಪಾಯಿಂಟ್ ಗಾಡಿಯಲ್ಲಿ ಕೀ ಆನ್ ಮಾಡಿ, ಪಾಯಿಂಟ್ ಮುಚ್ಚಿರುವಾಗ ಬ್ಯಾಟರಿಯ ಪ್ಲಸ್ ಮತ್ತು ಕಾಯಿಲ್‌ನ ಪ್ಲಸ್ ನಡುವೆ ಅಳೆಯಿರಿ. ಅರ್ಧ ವೋಲ್ಟ್ ಮೀರಿದರೆ ದಾರಿಯಲ್ಲೆಲ್ಲೋ ಕೆಟ್ಟ ಜೋಡಣೆಯಿದೆ. ಹಳೆಯ 6 ವೋಲ್ಟ್ ಗಾಡಿಗೆ ಅಷ್ಟು ನಷ್ಟವೇ ಭಾರ. ಸಿಡಿಐ ಕಾಯಿಲ್‌ನಲ್ಲಿ 12 ವೋಲ್ಟ್ ಹುಡುಕಿ ಗಾಬರಿಯಾಗಬೇಡಿ, ಅಲ್ಲಿ ಅದು ಇರುವುದೇ ಇಲ್ಲ. ಕಿಡಿ ಪರೀಕ್ಷಿಸುವಾಗ ಪ್ಲಗ್ಗಿನ ಲೋಹ ಇಂಜಿನ್‌ಗೆ ತಾಗಿಯೇ ಇರಬೇಕು, ಪೆಟ್ರೋಲ್ ದೂರವಿರಬೇಕು. 2020ರ ಏಪ್ರಿಲ್ ನಂತರದ ಬಿಎಸ್ 6 ಇಂಜೆಕ್ಷನ್ ಗಾಡಿಗಳಲ್ಲಿ ಬ್ಯಾಟರಿ ಬಿಚ್ಚದೆ ಕಪ್ಲರ್ ಎಳೆಯಬೇಡಿ.

ಕಾಯಿಲ್ ನಿಜಕ್ಕೂ ಕೆಟ್ಟಿದ್ದರೆ ಲಕ್ಷಣ ಬೇರೆ. ತಣ್ಣಗಿರುವಾಗ ಚೆನ್ನಾಗಿ ಓಡಿ, ಕಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಚಾಲೂ ಆಗುತ್ತದೆ, ಅದೂ ಬಿಸಿಲಲ್ಲೂ. ಆಗ ಬದಲಿಸಿ. ಆದರೆ ಪಾಯಿಂಟ್ ಗಾಡಿಗೆ ಸಿಡಿಐ ಕಾಯಿಲ್ ಹಾಕಬೇಡಿ: ಅದರ ಪ್ರೈಮರಿಯ ತಡೆ ಸಾಮಾನ್ಯವಾಗಿ 1 ಓಮ್‌ಗೂ ಕಡಿಮೆ, ಕರೆಂಟ್ ಮಿತಿಮೀರಿ ಪಾಯಿಂಟ್ ಸುಡುತ್ತದೆ.