ಎಚ್ಚರವಾಯಿತು, ಮತ್ತು ಇಳಿಯಿತೇ?

ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಹರ್ನಿಯಾದಂಥ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸಂಜೆಯೇ ಮನೆಗೆ ಮರಳುವುದು ಈಗ ಅಪರೂಪವೇನಲ್ಲ. ಇದನ್ನು ಸಾಧ್ಯವಾಗಿಸಿದ್ದರಲ್ಲಿ ಬೇಗ ಇಳಿಯುವ ಅರಿವಳಿಕೆಗಳ ಪಾಲು ದೊಡ್ಡದು.

1846ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಜನರೆದುರು ಪ್ರಯೋಗಿಸಿ ತೋರಿಸಿದ ಈಥರ್ ನೋವನ್ನೇನೋ ಮರೆಸಿತು. ಆದರೆ ಅದರ ಮಂಪರು, ವಾಂತಿ ಬಹಳ ಹೊತ್ತು ಕಾಡುತ್ತಿದ್ದವು. ಇಂದಿನ ಸೆವೋಫ್ಲೂರೇನ್ ರಕ್ತದಲ್ಲಿ ಕರಗುವುದು ಕಡಿಮೆ. ಕೊಡುವುದನ್ನು ನಿಲ್ಲಿಸಿದರೆ ಉಸಿರಿನ ಜೊತೆಗೇ ಹೊರಬೀಳುತ್ತದೆ. ಕೆಲವೇ ನಿಮಿಷಗಳಲ್ಲಿ ರೋಗಿ ಕಣ್ಣು ಬಿಡುತ್ತಾನೆ.

ಕಣ್ಣು ಬಿಟ್ಟ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಮುನ್ನೆಚ್ಚರಿಕೆಯ ಔಷಧಿ ಕೊಡದಿದ್ದರೆ, ಪೂರ್ಣ ಅರಿವಳಿಕೆ ಪಡೆದ ಸುಮಾರು ಮೂವರಲ್ಲಿ ಒಬ್ಬರಿಗೆ ಹೊಟ್ಟೆ ತೊಳಸುವುದು, ವಾಂತಿ ಆಗುವುದುಂಟು. ಮೊದಲ ಒಂದೆರಡು ಗಂಟೆಗಳ ವಾಂತಿಗೆ ಮೂಸುವ ಅರಿವಳಿಕೆಯೇ ಮುಖ್ಯ ಕಾರಣ. ಹೆಂಗಸರಿಗೆ, ಬಸ್ ಪ್ರಯಾಣದಲ್ಲಿ ವಾಂತಿಯಾಗುವವರಿಗೆ ಈ ತೊಂದರೆ ಹೆಚ್ಚು. ವಿಚಿತ್ರವೆಂದರೆ, ಬೀಡಿ ಸಿಗರೇಟು ಸೇದದವರಿಗೂ ಹೆಚ್ಚೇ! ಹಾಗೆಂದು ಸೇದುವುದು ಒಳ್ಳೆಯದೆಂದಲ್ಲ. ಶ್ವಾಸಕೋಶದ ತೊಡಕುಗಳು ಅವರಿಗೇ ಜಾಸ್ತಿ.

ನಡುಕ, ತಲೆಸುತ್ತು, ಉಸಿರಿನ ಕೊಳವೆ ಹಾಕಿದ್ದರಿಂದ ಗಂಟಲು ನೋವು ಸಾಮಾನ್ಯ. ಎಚ್ಚರವಾಗುವಾಗ ಕೆಲವು ಮಕ್ಕಳು ಅಮ್ಮನ ಗುರುತೂ ಸಿಗದಂತೆ ಅತ್ತು ಒದ್ದಾಡುತ್ತವೆ. ತಾಯಂದಿರು ಗಾಬರಿಯಾಗಬೇಕಿಲ್ಲ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಶಮನವಾಗುತ್ತದೆ. ತೀರ ಅಪರೂಪಕ್ಕೆ, ವಂಶದಲ್ಲಿ ಹರಿದು ಬಂದ ದೋಷವಿದ್ದವರಿಗೆ ಸ್ನಾಯುಗಳು ಬಿಗಿದು ಜ್ವರ ವಿಪರೀತ ಏರಬಹುದು. ಅದಕ್ಕೆ ಡ್ಯಾಂಟ್ರೊಲೀನ್ ಎಂಬ ಔಷಧಿಯಿದೆ, ತಡವಾದರೆ ಪ್ರಾಣಾಪಾಯ.

ಆದ್ದರಿಂದ ಅರಿವಳಿಕೆ ವೈದ್ಯರು ವಿಚಾರಿಸುವಾಗ ಏನನ್ನೂ ಮುಚ್ಚಿಡಬೇಡಿ. ಹಿಂದಿನ ಆಪರೇಷನ್ನಿನಲ್ಲಿ ವಾಂತಿಯಾಗಿದ್ದರೆ, ರಕ್ತಸಂಬಂಧಿಗಳಿಗೆ ಅರಿವಳಿಕೆಯಿಂದ ಅಪಾಯವಾಗಿದ್ದರೆ ತಪ್ಪದೆ ತಿಳಿಸಿ. ವಾಂತಿ ತಡೆಯಲು ಆಂಡಾನ್ಸೆಟ್ರಾನ್‌ನಂಥ ಔಷಧಿ ಮೊದಲೇ ಕೊಡಬಹುದು. ಮೂಸುವ ಅರಿವಳಿಕೆಯ ಬದಲು ರಕ್ತನಾಳದ ಮೂಲಕ ಪ್ರೊಪೊಫಾಲ್ ಕೊಡುವ ದಾರಿಯೂ ಇದೆ. ‘ಒಂದೇ ಲೋಟ ಕಾಫಿ ತಾನೇ’ ಎಂದು ಕದ್ದು ಕುಡಿಯುವುದಂತೂ ಬೇಡವೇ ಬೇಡ. ಹಾಲು ಬೆರೆತ ಕಾಫಿಯೂ ಆಹಾರವೇ. ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು.

ಮನೆಗೆ ಬಂದ ಮೇಲೆ 24 ಗಂಟೆ ಸ್ಕೂಟರ್ ಹತ್ತಬೇಡಿ, ಒಲೆಯ ಮುಂದೆ ನಿಲ್ಲಬೇಡಿ, ಮುಖ್ಯ ಕಾಗದಪತ್ರಗಳಿಗೆ ಸಹಿ ಹಾಕಬೇಡಿ. ಆ ರಾತ್ರಿ ದೊಡ್ಡವರೊಬ್ಬರು ಜೊತೆಗಿರಲಿ. ವಾಂತಿ ನಿಲ್ಲದಿದ್ದರೆ, ಉಸಿರಾಟ ಕಷ್ಟವಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.