ನಿರ್ವಹಣಾಶಾಸ್ತ್ರದ ಸಂಶೋಧನೆಯಲ್ಲಿ ಪ್ರಶ್ನೆ ಕೇಳುವವರು ಯಾರು?

ನಿರ್ವಹಣಾಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದವರಲ್ಲಿ ಅನೇಕರು ಮುಂದೆ ಅದೇ ಶಾಸ್ತ್ರವನ್ನು ಬೋಧಿಸುವುದರಿಂದ, ಕಂಪನಿ, ಬ್ಯಾಂಕು, ಆಸ್ಪತ್ರೆಗಳನ್ನು ನಡೆಸಲಿರುವವರಿಗೆ ಯಾವುದನ್ನು ಸಮಸ್ಯೆಯೆಂದು ಕಲಿಸಬೇಕು ಎಂಬುದು ಬಹುಮಟ್ಟಿಗೆ ಅವರ ಸಂಶೋಧನೆಯ ವರ್ಷಗಳಲ್ಲಿಯೇ ರೂಪುಗೊಳ್ಳುತ್ತದೆ. ಉತ್ಪಾದನೆ ಏಕೆ ಕುಸಿಯಿತು, ನೌಕರರು ಕೆಲಸ ಬಿಡದಂತೆ ಹೇಗೆ ನೋಡಿಕೊಳ್ಳಬೇಕು ಎಂಬ ಪ್ರಶ್ನೆಗಳು ನಿಷ್ಪಕ್ಷಪಾತವಾಗಿ ಕಂಡರೂ ಅವು ಆಡಳಿತವರ್ಗದ ಕಡೆಯಿಂದ ಹುಟ್ಟಿದವು. ಅಧಿಕಾರ ಯಾರ ಕೈಯಲ್ಲಿದೆ, ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮುಖ್ಯವಾಗಿ ಕೇಳುವ ಸಂಶೋಧನಾ ಧಾರೆಯು, 1992ರಲ್ಲಿ ಮ್ಯಾಟ್ಸ್ ಆಲ್ವೆಸನ್ ಮತ್ತು ಹ್ಯೂ ವಿಲ್‌ಮಟ್ ಸಂಪಾದಿಸಿದ ಗ್ರಂಥದ ಮೂಲಕ ‘ವಿಮರ್ಶಾತ್ಮಕ ನಿರ್ವಹಣಾ ಅಧ್ಯಯನ’ ಎಂಬ ಹೆಸರಿನಿಂದ ಪರಿಚಿತವಾಯಿತು.

ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಕಾಣುವುದೆಲ್ಲ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಷಿಕಾಗೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧನಾರ್ಥಿಗಳ ಕೆಲಸಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. 1944–45ರಲ್ಲಿ ಡೊನಾಲ್ಡ್ ರಾಯ್ ಯಂತ್ರಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಕಾರ್ಮಿಕರಾಗಿ ದುಡಿಯುತ್ತ, ಕೆಲಸಗಾರರು ತಮ್ಮ ಉತ್ಪಾದನೆಗೆ ತಾವೇ ಏಕೆ ಮಿತಿ ಹಾಕಿಕೊಳ್ಳುತ್ತಾರೆ ಎಂಬುದನ್ನು ಅಧ್ಯಯನ ಮಾಡಿದರು. ಸುಮಾರು ಮೂವತ್ತು ವರ್ಷಗಳ ನಂತರ ಮೈಕೆಲ್ ಬುರಾವೊಯ್ ಷಿಕಾಗೊ ಪ್ರದೇಶದ ಎಂಜಿನ್ ಕಾರ್ಖಾನೆಯೊಂದರಲ್ಲಿ ಯಂತ್ರಚಾಲಕರಾಗಿ ಸೇರಿಕೊಂಡಾಗ, ಅದು ರಾಯ್ ದುಡಿದಿದ್ದ ಕಾರ್ಖಾನೆಯೇ ಎಂಬುದು ಆಕಸ್ಮಿಕವಾಗಿ ತಿಳಿದುಬಂತು. ಆದರೆ ಬುರಾವೊಯ್ ಅವರ ಪ್ರಶ್ನೆ ತದ್ವಿರುದ್ಧವಾಗಿತ್ತು: ಕಾರ್ಮಿಕರು ಇಷ್ಟೊಂದು ಶ್ರಮಿಸುವುದಾದರೂ ಏಕೆ?

ಅಲ್ಲಿ ತಯಾರಿಸಿದ ಭಾಗಗಳ ಲೆಕ್ಕದಲ್ಲಿ ಕೂಲಿ ಕೊಡುವ ಪೀಸ್‌ರೇಟ್ ಪದ್ಧತಿಯಿತ್ತು. ನಿಗದಿತ ಪ್ರಮಾಣದ ಶೇ. 140ಕ್ಕಿಂತ ಹೆಚ್ಚು ಕೆಲಸ ತೋರಿಸಿದರೆ ಆಡಳಿತವು ದರವನ್ನೇ ಇಳಿಸಬಹುದೆಂಬ ಭಯದಿಂದ, ಕಾರ್ಮಿಕರು ಅಷ್ಟಕ್ಕೇ ನಿಂತು, ಮಿಕ್ಕದ್ದನ್ನು ಕೆಲಸ ಸಾಗದ ದಿನಕ್ಕೆಂದು ಕೂಡಿಡುತ್ತಿದ್ದರು. ಆ ಗುರಿಯನ್ನು ಮುಟ್ಟುವುದು ಅವರಿಗೆ ಆಟವಾಗಿತ್ತು, ಹೊತ್ತು ಕಳೆಯುವ ದಾರಿಯಾಗಿತ್ತು, ಜೊತೆಗಾರರ ನಡುವೆ ಗೌರವ ತರುವ ಸಾಧನೆಯೂ ಆಗಿತ್ತು. ಆಟದಲ್ಲಿ ತೊಡಗಿದವರು ಅದರ ನಿಯಮಗಳನ್ನು ಪ್ರಶ್ನಿಸುವುದಿಲ್ಲವಾದ್ದರಿಂದ, ಕಾರ್ಖಾನೆಯು ಸರಕಿನ ಜೊತೆಜೊತೆಗೇ ದುಡಿಯುವವರ ಸಮ್ಮತಿಯನ್ನೂ ಉತ್ಪಾದಿಸುತ್ತದೆ ಎಂದು ಬುರಾವೊಯ್ 1979ರ ತಮ್ಮ ‘ಮ್ಯಾನುಫ್ಯಾಕ್ಚರಿಂಗ್ ಕನ್ಸೆಂಟ್’ ಗ್ರಂಥದಲ್ಲಿ ವಾದಿಸಿದರು. ಎಷ್ಟೇ ವಿಸ್ತಾರವಾದ ಪ್ರಶ್ನಾವಳಿ ಹಂಚಿದರೂ ಈ ಸಂಗತಿ ಹೊರಬರುತ್ತಿತ್ತೆಂದು ನಂಬುವುದು ಕಷ್ಟ.

ಗಮನಿಸಬೇಕಾದ ಅಂಶವೆಂದರೆ, ಇವರಿಬ್ಬರೂ ಸಮಾಜಶಾಸ್ತ್ರದ ವಿದ್ಯಾರ್ಥಿಗಳು. ಇಂತಹ ವಿಚಾರಣೆ ಬಿಸಿನೆಸ್ ಸ್ಕೂಲುಗಳ ಒಳಗೆ ನೆಲೆಯೂರಿದ್ದು ಮುಖ್ಯವಾಗಿ ಬ್ರಿಟನ್ನಿನಲ್ಲಿ. 1980ರ ದಶಕದಲ್ಲಿ ಸಮಾಜವಿಜ್ಞಾನ ವಿಭಾಗಗಳು ಅನುದಾನವಿಲ್ಲದೆ ಸೊರಗಿ, ಬಿಸಿನೆಸ್ ಸ್ಕೂಲುಗಳು ಬೆಳೆಯುತ್ತ ಹೋದಾಗ, ಅನೇಕ ಸಮಾಜವಿಜ್ಞಾನಿಗಳು ಉದ್ಯೋಗ ಅರಸಿ ಅಲ್ಲಿಗೆ ಬಂದರು. ವ್ಯಾಲೆರಿ ಫೂರ್ನಿಯೆ ಮತ್ತು ಕ್ರಿಸ್ ಗ್ರೇ 2000ದ ತಮ್ಮ ಲೇಖನದಲ್ಲಿ ಈ ಧಾರೆಗೆ ಮೂರು ಲಕ್ಷಣಗಳನ್ನು ಹೇಳುತ್ತಾರೆ. ಸಹಜವೆಂದು ತೋರುವ ವ್ಯವಸ್ಥೆಯು ಮನುಷ್ಯರು ಕಟ್ಟಿದ್ದೆಂದು ತೋರಿಸುವುದು ಮೊದಲನೆಯದು. ಜ್ಞಾನದ ಬೆಲೆಯನ್ನು ಅದು ತರುವ ದಕ್ಷತೆಯಿಂದಷ್ಟೇ ಅಳೆಯಲು ಒಪ್ಪದಿರುವುದು ಎರಡನೆಯದು. ಸಂಶೋಧಕರು ತಾವು ನಿಂತ ನೆಲೆಯನ್ನೂ ಪರೀಕ್ಷಿಸಿಕೊಳ್ಳುವುದು ಮೂರನೆಯದು. ಮೊದಲನೆಯದಕ್ಕೆ ಬಲವಾದ ಉದಾಹರಣೆ ಬಿಲ್ ಕುಕ್ ಅವರ 2003ರ ಲೇಖನ: ಆಧುನಿಕ ನಿರ್ವಹಣೆಯ ಚರಿತ್ರೆಯನ್ನು ರೈಲ್ವೆಯಿಂದ ಆರಂಭಿಸುವ ಪಠ್ಯಗಳು, ಅಮೆರಿಕದ ಗುಲಾಮಗಿರಿಯ ತೋಟಗಳಲ್ಲಿ ಆಗಲೇ ವ್ಯವಸ್ಥಿತವಾಗಿದ್ದ ಮೇಲ್ವಿಚಾರಣೆಯನ್ನು ಮರೆಮಾಚಿವೆ ಎಂದು ಅವರು ತೋರಿಸಿದರು.

ಎರಡನೆಯ ಲಕ್ಷಣ ಈ ಧಾರೆಯೊಳಗೇ ವಿವಾದಕ್ಕೆ ಗುರಿಯಾಗಿದೆ. ಬರೀ ಖಂಡಿಸುತ್ತ ಕುಳಿತರೆ ದುಡಿಯುವವರಿಗೆ ಪ್ರಯೋಜನವೇನು ಎಂದು ಕೇಳಿದ ಆಂಡ್ರೆ ಸ್ಪೈಸರ್, ಆಲ್ವೆಸನ್ ಮತ್ತು ಡಾನ್ ಶೆರೆಮನ್, ಸಂಸ್ಥೆಗಳ ಒಳಗಿನವರೊಂದಿಗೆ ಸೇರಿ ಬದಲಾವಣೆಗೆ ದುಡಿಯಬೇಕೆಂದು 2009ರಲ್ಲಿ ವಾದಿಸಿದರು. ಆಕ್ಷೇಪ ನ್ಯಾಯವಾದದ್ದೇ.

ಆದರೆ ಸಂಶೋಧನಾರ್ಥಿಯನ್ನು ಹೆಚ್ಚು ಬಿಗಿಯಾಗಿ ಕಟ್ಟಿಹಾಕುವುದು ಇಂತಹ ತಾತ್ವಿಕ ಚರ್ಚೆಯಲ್ಲ. ಉದ್ಯೋಗವು ಶ್ರೇಣೀಕೃತ ನಿಯತಕಾಲಿಕಗಳಲ್ಲಿ ಪ್ರಕಟವಾದ ಲೇಖನಗಳನ್ನು ಅವಲಂಬಿಸಿರುವಾಗ, ವರ್ಷಗಟ್ಟಲೆ ಕ್ಷೇತ್ರದಲ್ಲಿದ್ದು ಮಾಡುವ ಅಧ್ಯಯನಕ್ಕಿಂತ ಬೇಗ ಮುಗಿಯುವ ವಿಷಯ ಆರಿಸಿಕೊಳ್ಳುವುದೇ ಸುರಕ್ಷಿತವೆನಿಸುತ್ತದೆ. ಮಾರ್ಗದರ್ಶಕರ ಸ್ಥಾನವೂ ಭದ್ರವಲ್ಲ. ಈ ಧಾರೆಯ ಪ್ರಮುಖ ನೆಲೆಯಾಗಿದ್ದ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯವು 2021ರಲ್ಲಿ ತನ್ನ ಬಿಸಿನೆಸ್ ಸ್ಕೂಲಿನಲ್ಲಿ ವಿಮರ್ಶಾತ್ಮಕ ನಿರ್ವಹಣಾ ಅಧ್ಯಯನವನ್ನು ಕೈಬಿಡಲು ನಿರ್ಧರಿಸಿ, ಆ ಕ್ಷೇತ್ರದ ಅಧ್ಯಾಪಕರ ಹುದ್ದೆಗಳನ್ನು ಕಡಿತಕ್ಕೆ ಗುರುತಿಸಿತು. ಅಧ್ಯಾಪಕರ ಸಂಘವು ವಿಶ್ವವಿದ್ಯಾಲಯದ ಬಹಿಷ್ಕಾರಕ್ಕೆ ಕರೆಕೊಟ್ಟಿತು.

ಭಾರತದಲ್ಲಿ 1961ರಲ್ಲಿ ಸ್ಥಾಪನೆಯಾದ ಕಲ್ಕತ್ತ ಮತ್ತು ಅಹಮದಾಬಾದ್ ಐಐಎಂಗಳು ಕ್ರಮವಾಗಿ ಎಂಐಟಿ ಮತ್ತು ಹಾರ್ವರ್ಡ್‌ಗಳ ನೆರವಿನಿಂದ, ಅಮೆರಿಕದ ಬಿಸಿನೆಸ್ ಸ್ಕೂಲುಗಳ ಮಾದರಿಯಲ್ಲಿ ರೂಪುಗೊಂಡವು. ಹಾಗೆಂದು ವಿಮರ್ಶಾತ್ಮಕ ಅಧ್ಯಯನ ಇಲ್ಲಿ ಇಲ್ಲವೆಂದಲ್ಲ; ಅಹಮದಾಬಾದಿನ ಐಐಎಂನಲ್ಲಿಯೇ ಪ್ರೆಮಿಲ್ಲಾ ಡಿಕ್ರೂಜ್ ಮತ್ತು ಅರ್ನೆಸ್ಟೊ ನರೋನ್ಹಾ ಕಾಲ್‌ಸೆಂಟರ್ ನೌಕರರ ಅನುಭವವನ್ನು ಆಳವಾಗಿ ಅಧ್ಯಯನ ಮಾಡಿದ್ದಾರೆ. ಆದರೂ ಬೆಂಗಳೂರಿನ ಐಟಿ ಕಂಪನಿಗಳು ತಂಡಗೆಲಸ, ಸಾಫ್ಟ್‌ಸ್ಕಿಲ್ ತರಬೇತಿ, ಸ್ವಯಂನಿರ್ವಹಣೆಯ ಮಾತುಗಳ ಮೂಲಕ ಉದ್ಯೋಗಿಯ ನಡೆನುಡಿಯನ್ನೇ ಹೇಗೆ ತಿದ್ದುತ್ತವೆ ಎಂಬುದನ್ನು ತಿಳಿಯಬಯಸುವವರು ಮೊದಲು ಓದಬೇಕಾದದ್ದು ಕ್ಯಾರಲ್ ಉಪಾಧ್ಯ ಮತ್ತು ಎ.ಆರ್. ವಾಸವಿ 2008ರಲ್ಲಿ ಸಂಪಾದಿಸಿದ ‘ಇನ್ ಆ್ಯನ್ ಔಟ್‌ಪೋಸ್ಟ್ ಆಫ್ ದ ಗ್ಲೋಬಲ್ ಎಕಾನಮಿ’ಯನ್ನು; ಇವರಿಬ್ಬರೂ ಮಾನವಶಾಸ್ತ್ರದ ಹಿನ್ನೆಲೆಯವರು. 2017ರ ಐಐಎಂ ಕಾಯ್ದೆಯ ನಂತರ, ಹಿಂದೆ ‘ಫೆಲೋ’ ಎಂಬ ಬಿರುದಷ್ಟೇ ಕೊಡುತ್ತಿದ್ದ ಐಐಎಂಗಳು ಪಿಎಚ್‌.ಡಿ. ಪದವಿಯನ್ನೇ ನೀಡುತ್ತಿವೆ. ಬೆಂಗಳೂರು ಐಐಎಂನ ಬಿಳೇಕಹಳ್ಳಿ ಕ್ಯಾಂಪಸ್ಸಿನ ಸುತ್ತಲೇ ಐಟಿ ಕಚೇರಿಗಳೂ ಗಾರ್ಮೆಂಟ್ಸ್ ಕಾರ್ಖಾನೆಗಳೂ ಇರುವಾಗ, ಬುರಾವೊಯ್ ಕೇಳಿದ ಪ್ರಶ್ನೆಯನ್ನು ಅಲ್ಲಿಗೆ ಒಯ್ಯಬಯಸುವ ವಿದ್ಯಾರ್ಥಿಗೆ ಬೇಕಾಗುವುದು ಯಂತ್ರದ ಮುಂದೆ ಕಳೆಯಲು ಒಂದು ವರ್ಷದ ಬಿಡುವು, ಮತ್ತು ಆ ವರ್ಷ ವ್ಯರ್ಥವಲ್ಲವೆಂದು ಸಮಿತಿಯ ಮುಂದೆ ವಾದಿಸುವ ಮಾರ್ಗದರ್ಶಕರು.