ಕ್ರೈ ವಿಷಪ್ರೋಟೀನು: ಅಣುರಚನೆ, ಆಯ್ಕೆ ಮತ್ತು ಮಿತಿ

1901ರಲ್ಲಿ ಜಪಾನಿನ ಇಶಿವಾತಾ ಶಿಗೆತಾನೆ ಅವರು ರೇಷ್ಮೆಹುಳುಗಳ ಹಠಾತ್ ಸಾವಿಗೆ ಕಾರಣವಾದ ಬ್ಯಾಕ್ಟೀರಿಯವೊಂದನ್ನು ಗುರುತಿಸಿದರು. ದಶಕದ ತರುವಾಯ ಜರ್ಮನಿಯ ತುರಿಂಜಿಯ ಪ್ರದೇಶದ ಹಿಟ್ಟಿನ ಪತಂಗದಲ್ಲಿ ಅಂಥದೇ ಬ್ಯಾಕ್ಟೀರಿಯವನ್ನು ಕಂಡ ಅರ್ನ್‌ಸ್ಟ್ ಬರ್ಲಿನರ್ ಅವರು ಅದಕ್ಕೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂದು ಹೆಸರಿಟ್ಟರು. ಬೀಜಕಣ ರೂಪುಗೊಳ್ಳುವ ಹಂತದಲ್ಲಿ ಈ ಜೀವಿಯು ಕೋಶದೊಳಗೆ ಪ್ರೋಟೀನಿನ ಸ್ಫಟಿಕಗಳನ್ನು ಕೂಡಿಹಾಕುತ್ತದೆ. ಅದರ ಕೀಟನಾಶಕ ಶಕ್ತಿಗೆ ಮುಖ್ಯವಾಗಿ ಕಾರಣವಾದ ಕ್ರೈ ವಿಷಗಳು ಇರುವುದು ಈ ಸ್ಫಟಿಕಗಳಲ್ಲಿಯೇ.

ಈ ವಿಷದ ಅಣುರಚನೆಯು ಮೊದಲ ಬಾರಿಗೆ ಸ್ಪಷ್ಟವಾದದ್ದು 1991ರಲ್ಲಿ. ಜೀರುಂಡೆಗಳನ್ನು ಕೊಲ್ಲುವ ಕ್ರೈ3ಎ ಪ್ರೋಟೀನಿನ ಆಕಾರವನ್ನು ಲೀ, ಕ್ಯಾರಲ್ ಮತ್ತು ಎಲ್ಲರ್ ಅವರು ಕ್ಷ-ಕಿರಣ ಸ್ಫಟಿಕಶಾಸ್ತ್ರದ ನೆರವಿನಿಂದ ನಿರ್ಧರಿಸಿದರು. ಅಣುವಿನಲ್ಲಿ ಮೂರು ವಲಯಗಳಿವೆ. ಮೊದಲನೆಯದು ಏಳು ಆಲ್ಫಾ ಸುರುಳಿಗಳ ಕಟ್ಟು. ಐದನೆಯ ಸುರುಳಿಯನ್ನು ನಡುವಿರಿಸಿ ಉಳಿದ ಆರು ಸುತ್ತುವರಿದಿವೆ. ಎರಡನೆಯದು ಮೂರು ಬೀಟಾ ಹಾಳೆಗಳ ಪ್ರಿಸ್ಮ್. ಅದರ ತುದಿಯ ಕುಣಿಕೆಗಳು ಗ್ರಾಹಕಗಳನ್ನು ಗುರುತಿಸುತ್ತವೆ. ಮೂರನೆಯದು ಎರಡು ಬೀಟಾ ಹಾಳೆಗಳು ಒಂದರ ಮೇಲೊಂದು ಮಡಿಸಿಕೊಂಡ ರಚನೆ. ಇದೂ ಗ್ರಾಹಕಬಂಧನದಲ್ಲಿ ಪಾಲ್ಗೊಳ್ಳುತ್ತದೆ.

ಪತಂಗಗಳ ಮರಿಹುಳುಗಳನ್ನು ಕೊಲ್ಲುವ ಕ್ರೈ1ಎ ಬಗೆಯ ವಿಷವು ಸ್ಫಟಿಕದಲ್ಲಿ ಸುಮಾರು 130 ಕಿಲೋಡಾಲ್ಟನ್ ತೂಕದ ನಿಷ್ಕ್ರಿಯ ರೂಪದಲ್ಲಿರುತ್ತದೆ. ಮರಿಹುಳುವಿನ ಕ್ಷಾರೀಯ ಕರುಳಿನಲ್ಲಿ ಸ್ಫಟಿಕ ಕರಗಿ, ಪ್ರೋಟಿಯೇಸ್ ಕಿಣ್ವಗಳು ಅದನ್ನು ಕತ್ತರಿಸಿದಾಗ ಸುಮಾರು 60 ಕಿಲೋಡಾಲ್ಟನ್ ತೂಕದ ಸಕ್ರಿಯ ಭಾಗ ಉಳಿಯುತ್ತದೆ. ಅದು ಕರುಳಿನ ಕೋಶಪೊರೆಯ ಕ್ಯಾಡ್‌ಹೆರಿನ್, ಅಮೈನೊಪೆಪ್ಟಿಡೇಸ್ ಹಾಗೂ ಎಬಿಸಿ ವಾಹಕ ಪ್ರೋಟೀನುಗಳನ್ನು ಹಿಡಿಯುತ್ತದೆ. ಬಳಿಕ ಹಲವು ಅಣುಗಳು ಒಂದುಗೂಡಿ, ಮೊದಲ ವಲಯದ ಸುರುಳಿಗಳನ್ನು ಪೊರೆಯೊಳಗೆ ತೂರಿಸಿ ರಂಧ್ರವನ್ನು ನಿರ್ಮಿಸುತ್ತವೆ. ಅಯಾನುಗಳ ಸಮತೋಲ ತಪ್ಪಿ, ನೀರು ಒಳನುಗ್ಗಿ, ಕೋಶಗಳು ಉಬ್ಬಿ ಒಡೆಯುತ್ತವೆ. ಮರಿಹುಳು ತಿನ್ನುವುದನ್ನು ನಿಲ್ಲಿಸಿ ಸಾಯುತ್ತದೆ.

ತಕ್ಕ ಗ್ರಾಹಕವಿಲ್ಲದ ಜೀವಿಯಲ್ಲಿ ಈ ಸರಪಣಿ ಪೂರ್ಣಗೊಳ್ಳುವುದಿಲ್ಲ. ವಿಷದ ಸುರಕ್ಷತೆಗೆ ಇದು ಆಧಾರ. ಅದರ ದೌರ್ಬಲ್ಯವೂ ಇಲ್ಲಿಯೇ ಇದೆ. ಎಬಿಸಿಸಿ2 ವಾಹಕದ ಹೊರಕುಣಿಕೆಯಲ್ಲಿ ಟೈರೋಸಿನ್ ಎಂಬ ಒಂದೇ ಅಮೈನೊ ಆಮ್ಲ ಹೆಚ್ಚಾದರೂ ರೇಷ್ಮೆಹುಳು ಕ್ರೈ1ಎಬಿ ವಿಷವನ್ನು ತಾಳಿಕೊಳ್ಳುತ್ತದೆ ಎಂಬುದು 2012ರಲ್ಲಿ ಸಿದ್ಧಪಟ್ಟಿತು.

ಇದರ ಪರಿಣಾಮ ಹೊಲಗಳಲ್ಲಿಯೂ ಕಂಡುಬಂದಿದೆ. ಕರ್ನಾಟಕವೂ ಸೇರಿದಂತೆ ಭಾರತದಲ್ಲಿ ಕ್ರೈ1ಎಸಿ ಹೊಂದಿದ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ದೊರೆಯಿತು. 2010ರ ವೇಳೆಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಇದಕ್ಕೆ ನಿರೋಧ ಗಳಿಸಿದ್ದು ದೃಢಪಟ್ಟಿತು. ಅಂಥ ಹುಳುಗಳ ಕ್ಯಾಡ್‌ಹೆರಿನ್ ಜೀನಿನಲ್ಲಿ ವಿಕೃತಿಗಳು ಕಂಡುಬಂದವು. 2006ರಲ್ಲಿ ಜೊತೆಗೂಡಿಸಿದ ಕ್ರೈ2ಎಬಿ ಬೇರೆ ಗ್ರಾಹಕವನ್ನು ಅವಲಂಬಿಸಿದ್ದರೂ ಮುಂದಿನ ದಶಕದಲ್ಲಿ ಅದೂ ಈ ಕೀಟವನ್ನು ತಡೆಯಲಾರದಾಯಿತು.

ಆದುದರಿಂದ ಬಿಟಿಯಲ್ಲದ ಹತ್ತಿಯ ಆಶ್ರಯಸಾಲುಗಳನ್ನು ಬೆಳೆಸಿ, ವಿಷಕ್ಕೆ ಸೋಲುವ ಕೀಟಗಳನ್ನೂ ಉಳಿಸಿಕೊಳ್ಳುವುದು ಕೇವಲ ನಿಯಮಪಾಲನೆಯಲ್ಲ. ಗ್ರಾಹಕದ ಒಂದು ಸಣ್ಣ ಬದಲಾವಣೆ ಇಡೀ ಪೀಳಿಗೆಗೆ ಹರಡದಂತೆ ತಡೆಯುವ, ಅಣುರಚನೆಯ ಅರಿವಿನಿಂದಲೇ ಸಮರ್ಥಿತವಾಗುವ ಕ್ರಮವದು.